ಪದಚರ್ಚೆ: ‘ಓಪನ್ ಬ್ಯಾಫಲ್’, ‘ಹಾರ್ನ್’ – ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೆ, ನಮಸ್ಕಾರ.

ದಾವಣಗೆರೆಯಲ್ಲಿ ಮನೆಯಲ್ಲೇ ಸ್ಪೀಕರ್ ಮಾಡಿಕೊಳ್ಳುವ ಹುಡುಗರು ಕೆಲವರಿದ್ದಾರೆ. ಮೈಕ್‌ಸೆಟ್ ಅಂಗಡಿಗಳಲ್ಲಿ ಹಳೆ ಯುನಿಟ್ (ಹಾರ್ನಿನ ಹಿಂದೆ ಕೂರುವ, ದನಿ ಹುಟ್ಟಿಸುವ ಭಾಗ), ಹಳೆ ಕೋನ್ (ಸ್ಪೀಕರಿನಲ್ಲಿ ಹಿಂದೆ ಮುಂದೆ ಆಡಿ ದನಿ ಹೊರಡಿಸುವ ಭಾಗ) ಹುಡುಕಿ ತಂದು, ಬಡಗಿ ಹತ್ತಿರ ಪ್ಲೈವುಡ್ ಕೊಯ್ಸಿ, ತಾವೇ ಜೋಡಿಸುತ್ತಾರೆ. ಅವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕೋನ್, ಕಾಯಿಲ್, ಮ್ಯಾಗ್ನೆಟ್, ವೂಫರ್, ಕ್ರಾಸ್‌ಓವರ್ ಇವೆಲ್ಲ ಹಾಗೆಯೇ ಇರಲಿ, ಎಲ್ಲರ ಬಾಯಲ್ಲೂ ಇವೆ. ನಾನು ನಿಮ್ಮ ಮುಂದೆ ಇಡುತ್ತಿರುವುದು ಎರಡು ಪದ ಮಾತ್ರ: ‘ಓಪನ್ ಬ್ಯಾಫಲ್’ (ಸ್ಪೀಕರ್ ಕೂರಿಸುವ, ಬೆನ್ನು ಮುಚ್ಚದ ಹಲಗೆ) ಮತ್ತು ‘ಹಾರ್ನ್’ (ಮೈಕ್‌ಸೆಟ್ಟಿನ ಅಗಲ ಬಾಯಿಯ ಕೊಳವೆ). ಈ ಎರಡಕ್ಕೂ ನಿಘಂಟಿನ ಕನ್ನಡ ಹಾಕಿದರೆ ಆ ವಸ್ತು ಮಾಡುವ ಕೆಲಸವೇ ತಲೆಕೆಳಗಾಗಿ ಅರ್ಥವಾಗುತ್ತದೆ. ಮರ, ದುಡ್ಡು ಎರಡೂ ಹಾಳು.

ಮೊದಲು ಬ್ಯಾಫಲ್. ಪೆಟ್ಟಿಗೆಯಿಲ್ಲದ ಎಂಟು ಇಂಚಿನ ಒಂದು ಸ್ಪೀಕರನ್ನು ಬರಿಗೈಯಲ್ಲಿ ಹಿಡಿದು ತಬಲಾ ಇರುವ ಒಂದು ಹಾಡು ಹಾಕಿ. ತಬಲಾ ಕೇಳುತ್ತದೆ, ಅದರ ಜೊತೆಯ ದಪ್ಪ ದನಿಯ ಡಗ್ಗಾ ಕೇಳುವುದೇ ಇಲ್ಲ. ಈಗ ದೊಡ್ಡದೊಂದು ರಟ್ಟು ತೆಗೆದುಕೊಂಡು, ನಡುವೆ ಕೋನಿನ ಅಳತೆಗೆ ತೂತು ಕೊಯ್ದು, ಸ್ಪೀಕರನ್ನು ಅದಕ್ಕೆ ಒತ್ತಿ ಹಿಡಿಯಿರಿ. ಡಗ್ಗಾ ಎದ್ದು ಬರುತ್ತದೆ. ರಟ್ಟು ತೆಗೆದರೆ ಮತ್ತೆ ಮಾಯ. ಆಂಪ್ಲಿಫೈಯರಿನ ಒಂದು ಗುಂಡಿಯನ್ನೂ ಮುಟ್ಟಿರುವುದಿಲ್ಲ. ಕಾರಣ ಇಷ್ಟೇ: ಕೋನು ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಗಳಿಗೆಯಲ್ಲಿ ಹಿಂದಿನ ಗಾಳಿ ಸಡಿಲವಾಗುತ್ತದೆ. ಎರಡೂ ಅಂಚು ಸುತ್ತಿ ಸೇರಿದರೆ ಒಂದನ್ನೊಂದು ಅಳಿಸಿಬಿಡುತ್ತವೆ. ನಡುವೆ ಹಲಗೆ ಇದ್ದರೆ ಸುತ್ತುವ ದಾರಿ ಉದ್ದವಾಗುತ್ತದೆ. ಹಿಂದಿನ ದನಿ ಮುಂದಿನದಕ್ಕಿಂತ 34 ಸೆಂ.ಮೀ. ಹೆಚ್ಚು ದಾರಿ ನಡೆಯಬೇಕಾದರೆ, ಸುಮಾರು 500 ಹರ್ಟ್ಸ್ (ಸೆಕೆಂಡಿಗೆ 500 ಅದುರು) ಹತ್ತಿರ ಅದು ಮುಂದಿನ ದನಿಗೆ ಕೈಜೋಡಿಸುತ್ತದೆ. ಅಲ್ಲಿಂದ ಕೆಳಗೆ ಒಂದೊಂದು ಸ್ಥಾಯಿ ಇಳಿದ ಹಾಗೂ ದನಿ 6 ಡೆಸಿಬೆಲ್‌ನಷ್ಟು ಕುಗ್ಗುತ್ತಾ ಹೋಗುತ್ತದೆ. ಹಲಗೆ ಅಗಲವಾದಷ್ಟೂ, ಪಕ್ಕಕ್ಕೆ ರೆಕ್ಕೆ ಜೋಡಿಸಿದಷ್ಟೂ ಈ ಇಳಿತ ಕೆಳಗಿನ ಸ್ವರಗಳಿಂದ ಶುರುವಾಗುತ್ತದೆ.

ಪಠ್ಯಪುಸ್ತಕ ಇದನ್ನು ‘ವಿನಾಶಕ ವ್ಯತಿಕರಣ’ ಎನ್ನುತ್ತದೆ. ನಮ್ಮೂರಿನ ಒಬ್ಬ ಮೈಕ್ ರಿಪೇರಿಯವರು ಹೇಳುವುದು ಹೀಗೆ: “ಹಿಂದ್ಗಡೆ ಸೌಂಡು ಮುಂದ್ಗಡೆ ಸೌಂಡನ್ನ ತಿಂದಾಕುತ್ತೆ ಸಾರ್, ಅದಕ್ಕೇ ಮಧ್ಯ ಒಂದು ಹಲಗೆ ಬೇಕು.” ‘ತಿನ್ನುವುದು’ ಎಂಬ ಈ ಕ್ರಿಯಾಪದವನ್ನು ನಾನು ಕೈಪಿಡಿಗೆ ಹಾಗೆಯೇ ತೆಗೆದುಕೊಂಡಿದ್ದೇನೆ. ಇದಕ್ಕಿಂತ ಚೊಕ್ಕವಾಗಿ ಹೇಳಲು ನನಗಂತೂ ಆಗದು.

‘ಬ್ಯಾಫಲ್’ ಎಂಬುದಕ್ಕೆ ‘ತಡೆ’, ‘ತಡೆಹಲಗೆ’, ‘ಧ್ವನಿತಡೆ’ ಎಂದು ಬರೆದರೆ ಆಗುವ ತೊಂದರೆ ಇಲ್ಲೇ ಇದೆ. ‘ಧ್ವನಿತಡೆ’ ಎಂದು ಓದಿದ ಹುಡುಗ ದನಿಯನ್ನು ತಡೆಯಲು ಹೊರಡುತ್ತಾನೆ. ಹಿಂದೆ ಥರ್ಮೋಕೋಲ್ ತುಂಬುತ್ತಾನೆ, ಸ್ಪಂಜ್ ಅಂಟಿಸುತ್ತಾನೆ, ಕೊನೆಗೆ ಬೆನ್ನಿಗೆ ಇನ್ನೊಂದು ಹಲಗೆ ಹೊಡೆದು ಮುಚ್ಚಿಯೇ ಬಿಡುತ್ತಾನೆ. ಮುಚ್ಚಿದ ಮೇಲೆ ಅದು ಓಪನ್ ಬ್ಯಾಫಲ್ ಅಲ್ಲ, ಪೆಟ್ಟಿಗೆ. ಬಯಲು ಹಲಗೆಗೆ ಹೊಂದುವ, ಕೋನ್ ಸಡಿಲವಾಗಿ ಆಡುವ ಸ್ಪೀಕರನ್ನು ಸಣ್ಣ ಪೆಟ್ಟಿಗೆಯಲ್ಲಿ ಕೂಡಿಹಾಕಿದರೆ ಒಂದೇ ಸ್ವರ ಗುಮ್ಮೆಂದು ಉಬ್ಬಿಕೊಂಡು ಬರುತ್ತದೆ. ಬ್ಯಾಫಲ್ ದನಿಯನ್ನು ತಡೆಯುವುದಿಲ್ಲ; ಎರಡು ದನಿ ಬೇಗ ಸೇರದಂತೆ ನಡುವೆ ನಿಲ್ಲುತ್ತದೆ. ಪದದಲ್ಲಿ ಬರಬೇಕಾದದ್ದು ಈ ‘ನಡುವೆ ನಿಲ್ಲುವ’ ಗುಣ.

ನನಗೆ ತೋಚಿದ ಪದ ‘ಮರೆಹಲಗೆ’. ‘ಮರೆ’ ಕಣ್ಣಿಗೆ ಸಂಬಂಧಿಸಿದ್ದು, ಕಿವಿಗೆ ಹೇಗೆ ಎಂದು ಒಬ್ಬರು ಕೇಳಿದರು. ಆದರೆ ಗಾಳಿಗೆ ದೀಪ ಆರದ ಹಾಗೆ ಕೈ ಮರೆ ಹಿಡಿಯುತ್ತೇವಲ್ಲ? ಅಲ್ಲಿ ಮರೆ ಗಾಳಿಗೆ. ದನಿಯೂ ಗಾಳಿಯ ಅಲುಗಾಟವೇ. ‘ತಡಿಕೆ’ಯನ್ನೂ ಕೆಲವರು ಸೂಚಿಸಿದ್ದಾರೆ. ಪದ ಚೆನ್ನಾಗಿದೆ, ಆದರೆ ಹೆಣೆದ ತಡಿಕೆಯಲ್ಲಿ ಸಂದು ಇರುತ್ತದೆ. ಬ್ಯಾಫಲ್‌ನಲ್ಲಿ ಸ್ಪೀಕರಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಅಲ್ಲಿಂದ ಗಾಳಿ ಸುಯ್ಯೆನ್ನುತ್ತದೆ. ಹಾಗಾಗಿ ತಡಿಕೆ ಬೇಡ ಎಂದು ನನ್ನ ಅನಿಸಿಕೆ.

ಬರೀ ‘ಹಲಗೆ’ ಎಂದರೆ ಸಾಕಲ್ಲವೇ? ಬಡಗಿಗಳೂ ಅದನ್ನೇ ಹೇಳುತ್ತಾರೆ. ಆದರೆ ನಮ್ಮ ಕಡೆ ಜಾತ್ರೆ, ಮೆರವಣಿಗೆಯಲ್ಲಿ ಬಡಿಯುವ ಚರ್ಮವಾದ್ಯವೂ ಹಲಗೆಯೇ. ‘ಹಲಗೆ ಸ್ಪೀಕರ್’ ಎಂದರೆ ಹಲಗೆ ಮೇಳಕ್ಕೆ ಕಟ್ಟುವ ಸ್ಪೀಕರ್ ಎಂದು ತಿಳಿದವರಿದ್ದಾರೆ. ಒಂದು ಮಾತು ಇಲ್ಲಿ ಹೇಳಲೇಬೇಕು: ಆ ವಾದ್ಯ ಕೂಡ ಬೆನ್ನು ತೆರೆದದ್ದು. ಒಂದೇ ಚರ್ಮ, ಹಿಂದೆ ಬಯಲು. ಅದರ ದನಿಯೂ ಮುಂದೆ ಹಿಂದೆ ಎರಡು ಕಡೆ ಹೊರಡುತ್ತದೆ, ಚರ್ಮದ ಅಂಚಿನ ನೇರಕ್ಕೆ ಪಕ್ಕದಲ್ಲಿ ನಿಂತವರಿಗೆ ಕಡಿಮೆ ಕೇಳುತ್ತದೆ. ಓಪನ್ ಬ್ಯಾಫಲಿನ ನಡತೆಯೂ ಇದೇ. ಹುಡುಗರಿಗೆ ವಿವರಿಸುವಾಗ ಹಲಗೆ ವಾದ್ಯ ತೋರಿಸಿದರೆ ಅರ್ಧ ಪಾಠ ಮುಗಿದಂತೆ.

ಈ ನಡತೆಯನ್ನು ಇಂಗ್ಲಿಷಿನವರು ಎಂಟರ ಅಂಕಿಯ ಆಕಾರ ಎನ್ನುತ್ತಾರೆ. ಕನ್ನಡದ ೮ ಆ ಆಕಾರದಲ್ಲಿಲ್ಲ, ಆದ್ದರಿಂದ ಆ ಮಾತನ್ನು ಹಾಗೇ ತರುವಂತಿಲ್ಲ. ಅವರ ಇನ್ನೊಂದು ಪದ ‘ಡೈಪೋಲ್’ಗೆ ‘ದ್ವಿಧ್ರುವ’ ಎಂದರೆ ಆಯಸ್ಕಾಂತ ನೆನಪಾಗುತ್ತದೆ. ‘ಇಮ್ಮೊಗ’ ಹೇಗೆ? ಇಮ್ಮೊಗದ ಸ್ಪೀಕರ್ – ಎರಡು ಮುಖ, ಪಕ್ಕಕ್ಕೆ ಮೌನ.

ಇನ್ನು ‘ಓಪನ್’. ‘ತೆರೆದ ತಡೆ’ ಎಂದರೆ ಪದ ತನಗೆ ತಾನೇ ಜಗಳಕ್ಕೆ ನಿಂತಂತಿದೆ. ‘ತೆರೆಬೆನ್ನು’ ಎಂದು ಬರೆದು ನೋಡಿದೆ. ‘ತೆರೆ’ಗೆ ಅಲೆ ಎಂಬ ಅರ್ಥವೂ ಪರದೆ ಎಂಬ ಅರ್ಥವೂ ಇದೆ, ದನಿಯ ಅಲೆಗಳ ಬಗ್ಗೆಯೇ ಬರೆಯುವ ಪುಸ್ತಕದಲ್ಲಿ ಅದು ಗೊಂದಲ. ‘ಬಯಲುಬೆನ್ನು’ ನನಗೆ ಇಷ್ಟವಾಗಿದೆ. ಬಯಲಾಟದ ಊರುಗಳಲ್ಲಿ ‘ಬಯಲು’ ಎಂದರೆ ಮುಚ್ಚಿಲ್ಲದ್ದು ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಈ ‘ಓಪನ್’ ಎಂಬ ವಿಶೇಷಣ ಹುಟ್ಟುವುದೂ ಪೆಟ್ಟಿಗೆ ಮಾಮೂಲಿಯಾದ ಮೇಲೆಯೇ. 1925ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಇಂದಿನ ಕೋನ್ ಸ್ಪೀಕರಿನ ಮಾದರಿಯನ್ನು ಜಗತ್ತಿನ ಮುಂದಿಟ್ಟಾಗ ಅದನ್ನು ‘ಹಾರ್ನ್ ಇಲ್ಲದ’ ಲೌಡ್‌ಸ್ಪೀಕರ್ ಎಂದು ಕರೆದರು. ಯಾಕೆಂದರೆ ಆಗ ಲೌಡ್‌ಸ್ಪೀಕರ್ ಎಂದರೆ ಹಾರ್ನೇ. ಯಾವುದು ರೂಢಿಯೋ ಅದಕ್ಕೆ ವಿಶೇಷಣ ಇರುವುದಿಲ್ಲ, ರೂಢಿ ಬಿಟ್ಟದ್ದಕ್ಕೆ ಇರುತ್ತದೆ. ಭದ್ರಾವತಿ ಆಕಾಶವಾಣಿ ಕೇಳುತ್ತಿದ್ದ ಹಳೆ ವಾಲ್ವ್ ರೇಡಿಯೋಗಳನ್ನೇ ನೆನೆಯಿರಿ. ಹಿಂದೆ ತೂತು ತೂತಿನ ತೆಳು ಹಾಳೆ, ಒಳಗೆಲ್ಲ ಬಯಲು. ಅದನ್ನು ಯಾರೂ ‘ಓಪನ್’ ಎನ್ನಲಿಲ್ಲ, ರೇಡಿಯೋ ಎಂದರು. ಇಂಗ್ಲಿಷಿನ ‘ಓಪನ್’ ಅಲ್ಲಿನ ಇತಿಹಾಸದಿಂದ ಬಂದದ್ದು, ನಮ್ಮ ಪದದಲ್ಲಿ ಅದು ಇರಲೇಬೇಕೆಂದಿಲ್ಲ ಎಂಬುದು ನನ್ನ ವಾದ.

ಹಾರ್ನ್ ವಿಷಯ ಇನ್ನೊಂದು ಬಗೆಯದು. ಇದಕ್ಕೆ ಊರಿನಲ್ಲಿ ಆಗಲೇ ಪದ ಇದೆ: ಮೈಕ್. “ಗುಡಿ ಮುಂದೆ ಮೈಕ್ ಕಟ್ಯಾರೆ”, “ಮೈಕ್ ಕೂಗ್ತೈತಿ” ಎಂದರೆ ಮರಕ್ಕೆ ಕಟ್ಟಿದ ಹಾರ್ನ್, ಬಾಯಿ ಮುಂದೆ ಹಿಡಿಯುವ ಮೈಕ್ ಅಲ್ಲ. ಸಾವಿರಾರು ಜನ ಬಳಸುವ ಅರ್ಥ ಇದು. ನಿಘಂಟುಗಳು ದಾಖಲಿಸಬೇಕಾದ್ದು ಎಂದು ನನಗೆ ಬಲವಾಗಿ ಅನಿಸುತ್ತದೆ. ಆದರೆ ಕೈಪಿಡಿಯಲ್ಲಿ ಎರಡೂ ವಸ್ತು ಬರುವುದರಿಂದ ಬಳಸಲಾರೆ. ಸರ್ಕಾರಿ ಆದೇಶಗಳ ‘ಧ್ವನಿವರ್ಧಕ’ವೂ ಒಗ್ಗುವುದಿಲ್ಲ. ವರ್ಧಿಸುವುದು ಆಂಪ್ಲಿಫೈಯರ್, ಹಾರ್ನ್ ತನ್ನದೆಂದು ಒಂದು ಕಿಂಚಿತ್ ಶಕ್ತಿಯನ್ನೂ ಸೇರಿಸುವುದಿಲ್ಲ.

ಹಾಗಿದ್ದರೆ ಅದು ಮಾಡುವುದೇನು? ಮೈಕ್‌ಸೆಟ್ಟಿನ ಹಾರ್ನಿನಿಂದ ಯುನಿಟ್ಟನ್ನು ತಿರುಗಿಸಿ ಬಿಚ್ಚಿ, ವಾಲ್ಯೂಮ್ ತೀರಾ ಸಣ್ಣಗಿಟ್ಟು ಕೇಳಿ. ಜೋರು ಮಾಡಬೇಡಿ, ಹಾರ್ನಿಲ್ಲದೆ ಒಳಗಿನ ಡಯಾಫ್ರಮ್ (ಅದುರುವ ತೆಳು ಪೊರೆ) ಕೆಡುವ ಸಾಧ್ಯತೆ ಇದೆ. ಮಾತು ಪಿಸುಗುಟ್ಟಿದಷ್ಟೇ. ಅದೇ ವಾಲ್ಯೂಮಿನಲ್ಲಿ ಹಾರ್ನಿಗೆ ತಿರುಗಿಸಿ ಕೂರಿಸಿದರೆ ಓಣಿಯ ಆಚೆ ಕೇಳುತ್ತದೆ. ಸಣ್ಣ ಡಯಾಫ್ರಮ್ ಬಯಲಲ್ಲಿ ಗಾಳಿಯನ್ನು ತಳ್ಳಿದರೆ ಗಾಳಿ ಪಕ್ಕಕ್ಕೆ ಸರಿದುಬಿಡುತ್ತದೆ, ತಳ್ಳಲು ಭಾರವೇ ಸಿಗುವುದಿಲ್ಲ. ಇಕ್ಕಟ್ಟಾದ ಕೊಳವೆಯಲ್ಲಿ ಸರಿಯಲು ಜಾಗವಿಲ್ಲ, ಭಾರ ಸಿಗುತ್ತದೆ. ಆ ಕೊಳವೆ ಮೆಲ್ಲಮೆಲ್ಲಗೆ ಅಗಲವಾಗುತ್ತಾ ಹೋಗಿ ಹೊರಗಿನ ಗಾಳಿಗೆ ದನಿಯನ್ನು ದಾಟಿಸುತ್ತದೆ. ಮಾಮೂಲಿ ಕೋನ್ ಸ್ಪೀಕರ್ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲಿನಷ್ಟನ್ನು ದನಿ ಮಾಡಿದರೆ, ಒಳ್ಳೆಯ ಹಾರ್ನ್ ನೂರಕ್ಕೆ ಹತ್ತು, ಇನ್ನೂ ಹೆಚ್ಚು ಪಾಲನ್ನು ಮಾಡಬಲ್ಲದು.

ಮೊದಮೊದಲು ಕೆಲವರು ‘ಕೊಂಬು’ ಎಂದು ಬರೆದಾಗ ಓದುಗರು ಅದನ್ನು ದನದ ಕೊಂಬು ಎಂದೇ ಹಿಡಿದರು. ‘ಲಾಳಿಕೆ’ ಎಲ್ಲರಿಗೂ ಗೊತ್ತು, ಆದರೆ ಎಣ್ಣೆ ಹೊಯ್ಯುವ ಲಾಳಿಕೆಯಲ್ಲಿ ದಾರಿ ಅಗಲದಿಂದ ಕಿರಿದಿಗೆ, ಇಲ್ಲಿ ಕಿರಿದರಿಂದ ಅಗಲಕ್ಕೆ. ನನ್ನ ಮತ ‘ಕಹಳೆ’ಗೆ. ಅದು ಮಾಡುವ ಕೆಲಸವೂ ಇದೇ, ತುಟಿಯ ಸಣ್ಣ ಅದುರನ್ನು ಹೊರಗಿನ ಗಾಳಿಗೆ ದಾಟಿಸುವುದು. ಹಳೆಯ ಪದಗಳಾದ ‘ಕಾಳೆ’, ‘ಹೆಗ್ಗಾಳೆ’ ಕೂಡ ನಮಗಿವೆ. ಕೆಳಸ್ವರಕ್ಕೆ ಮಾಡುವ ಭಾರಿ ಹಾರ್ನಿಗೆ ‘ಹೆಗ್ಗಾಳೆ’ ಎಂದರೆ ಎಷ್ಟು ಸೊಗಸು! ಅದು ಭಾರಿಯೇ ಆಗಬೇಕು: ಬಾಯಿಯ ಸುತ್ತಳತೆ ಅತಿ ಕೆಳಗಿನ ಸ್ವರದ ಒಂದು ಅಲೆಯಷ್ಟಿರಬೇಕು ಎಂಬುದು ಲೆಕ್ಕ. 100 ಹರ್ಟ್ಸ್‌ಗೆ ಸುತ್ತಳತೆ ಸುಮಾರು 3.4 ಮೀಟರ್, ಅಂದರೆ 1.1 ಮೀಟರ್ ಅಡ್ಡಳತೆಯ ಬಾಯಿ. ಮನೆಬಾಗಿಲಲ್ಲಿ ಹಿಡಿಸುವುದಿಲ್ಲ.

‘ಎಕ್ಸ್‌ಪೊನೆನ್ಷಿಯಲ್ ಹಾರ್ನ್’ಗೆ ‘ಘಾತೀಯ ಕಹಳೆ’ ಎಂದರೆ ಹುಡುಗರು ಪುಸ್ತಕ ಮುಚ್ಚುತ್ತಾರೆ. ಬಡಗಿಗೆ ಹೇಳುವ ಲೆಕ್ಕ ಸುಲಭ. 300 ಹರ್ಟ್ಸ್‌ನಿಂದ ಮೇಲಕ್ಕೆ ದುಡಿಯುವ ಕಹಳೆಯಾದರೆ, ಪ್ರತಿ 6.3 ಸೆಂ.ಮೀ.ಗೆ ಒಳಗಿನ ವಿಸ್ತೀರ್ಣ ಇಮ್ಮಡಿಯಾಗುತ್ತಾ ಹೋಗಬೇಕು. ಒಂದು ಇಂಚು ಅಡ್ಡಳತೆಯ ಗಂಟಲಿನಿಂದ (ಕಿರಿದಾದ ತುದಿಯಿಂದ) ಶುರುಮಾಡಿದರೆ, ಸುಮಾರು 49 ಸೆಂ.ಮೀ. ಉದ್ದದಲ್ಲಿ 36 ಸೆಂ.ಮೀ. ಚಿಲ್ಲರೆ ಅಡ್ಡಳತೆಯ ಬಾಯಿ ಸಿಗುತ್ತದೆ. ಆದ್ದರಿಂದ ‘ಇಮ್ಮಡಿ ಕಹಳೆ’. ಹೆಸರಿನಲ್ಲೇ ಅಳತೆ ಇದೆ. ‘ಗಂಟಲು’, ‘ಬಾಯಿ’ ಎರಡೂ ಸಲೀಸಾಗಿ ಕೂರುತ್ತವೆ, ‘ಬಾಯಿ’ಯ ಬಗ್ಗೆ ಮಾತ್ರ ಒಂದು ಅನುಮಾನವಿದೆ, ಅದನ್ನು ಕೆಳಗೆ ಕೇಳಿದ್ದೇನೆ.

ಈಗ ನಿಮ್ಮಿಂದ ಬೇಕಾದದ್ದು. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆಯವರು ಯಾರಾದರೂ ಇದ್ದರೆ, ಕಹಳೆ ಊದುವವರು ಅದರ ಅಗಲವಾದ ತುದಿಗೆ ಏನೆನ್ನುತ್ತಾರೆ, ಊದುವ ತುದಿಗೆ ಏನೆನ್ನುತ್ತಾರೆ ಎಂದು ಕೇಳಿ ತಿಳಿಸಿ. ‘ಬಾಯಿ’ಯನ್ನು ಅವರು ಊದುವ ತುದಿಗೇ ಹೇಳುವುದಾದರೆ ನನ್ನ ಪದ ಬದಲಿಸಬೇಕಾಗುತ್ತದೆ. ಕರಾವಳಿ, ಮಲೆನಾಡಿನವರಿಗೆ ‘ಮರೆಹಲಗೆ’ ಕೇಳಿದೊಡನೆ ಬೇರೇನಾದರೂ ವಸ್ತು ಕಣ್ಣಿಗೆ ಬರುತ್ತದೆಯೇ? ಮತ್ತೊಂದು: ಕಾಯಿಲನ್ನು ನಡುವೆ ಹಿಡಿದಿಡುವ ಸುಕ್ಕುಸುಕ್ಕಿನ ಬಟ್ಟೆಯ ಬಿಲ್ಲೆಗೆ ರಿಪೇರಿಯವರೆಲ್ಲ ‘ಸ್ಪೈಡರ್’ ಎನ್ನುತ್ತಾರೆ. ಹಿಂದೆ ಅದನ್ನು ಕಾಲುಕಾಲಾಗಿ ಕತ್ತರಿಸಿ ಮಾಡುತ್ತಿದ್ದರು, ಅದಕ್ಕೆ ಆ ಹೆಸರು. ಈಗ ಕಾಲೇ ಇಲ್ಲದ್ದನ್ನು ‘ಜೇಡ’ ಎನ್ನಲು ನನಗೆ ಮನಸ್ಸಿಲ್ಲ. ಕೋನ್ ಬದಲಿಸುವ ಕೆಲಸದವರು ನಿಮ್ಮ ಊರಲ್ಲಿ ಇದಕ್ಕೆ ಕನ್ನಡದ ಮಾತೇನಾದರೂ ಆಡುತ್ತಾರೆಯೇ ಎಂದು ವಿಚಾರಿಸಿ ಬರೆಯಿರಿ.