ಎನ್‌ಪಿಎಂ1, ಎಫ್‌ಎಲ್‌ಟಿ3 ಎರಡೂ ಪಾಸಿಟಿವ್. ಡಾಕ್ಟರ್ ಹತ್ತಿರ ಏನು ಕೇಳಲಿ?

ತಮ್ಮನಿಗೆ ಎಎಂಎಲ್, ಅಂದರೆ ವೇಗವಾಗಿ ಬೆಳೆಯುವ ಒಂದು ಬಗೆಯ ರಕ್ತದ ಕ್ಯಾನ್ಸರ್. ಕೀಮೋ ಶುರುವಾಗಿ ನಾಲ್ಕು ದಿನ. ಜೀನ್ ರಿಪೋರ್ಟ್‌ನಲ್ಲಿ ಎನ್‌ಪಿಎಂ1, ಎಫ್‌ಎಲ್‌ಟಿ3-ಐಟಿಡಿ ಅನ್ನುವ ಎರಡೂ ಜೀನ್ ಬದಲಾವಣೆ ಪಾಸಿಟಿವ್. ಮೊದಲನೆಯದು ಒಳ್ಳೆಯದು, ಎರಡನೆಯದು ಕೆಟ್ಟದು ಅಂತ ಓದಿದೆ. ಹಾಗಾದರೆ ಏನು ಅಂದುಕೊಳ್ಳಲಿ? ನಮಗೆ, ಮಕ್ಕಳಿಗೂ ಬರುತ್ತಾ? ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಉತ್ತರ 1
ನನ್ನ ಹೆಂಡತಿಗೂ ಇದೇ ಜೋಡಿ ಇತ್ತು. ಈಗ ನಾಲ್ಕನೇ ವರ್ಷ, ಆರಾಮಾಗಿದ್ದಾಳೆ.

ಮೊದಲು ಅವಸರದ ಮಾತು. ಎಫ್‌ಎಲ್‌ಟಿ3 ಇದ್ದರೆ ಕೀಮೋ ಜೊತೆ ಅದನ್ನು ತಡೆಯುವ ಮಿಡೋಸ್ಟಾರಿನ್ ಅನ್ನುವ ಔಷಧಿ ಸೇರಿಸುವುದುಂಟು, ಸಾಮಾನ್ಯವಾಗಿ ಎಂಟನೇ ದಿನದಿಂದ. ಕೆಲವರಿಗೆ ಕ್ವಿಜಾರ್ಟಿನಿಬ್ ಕೊಡುತ್ತಾರೆ. ತಮ್ಮನಿಗೆ ಯಾವುದು, ಯಾವತ್ತಿನಿಂದ ಅಂತ ನಾಳೆಯೇ ಕೇಳಿ.

ಇನ್ನು ಒಳ್ಳೆಯದು, ಕೆಟ್ಟದು ವಿಷಯ. ನೀವು ಓದಿದ್ದು ಯಾವ ವರ್ಷದ್ದು ನೋಡಿ. ಯುರೋಪಿಯನ್ ಲ್ಯುಕೇಮಿಯಾನೆಟ್ ಅನ್ನುವ ತಜ್ಞರ ಸಂಘಟನೆಯ 2017ರ ಪಟ್ಟಿಯಲ್ಲಿ ಎಫ್‌ಎಲ್‌ಟಿ3-ಐಟಿಡಿ ಎಷ್ಟಿದೆ ಅನ್ನುವುದರ ಮೇಲೆ ಅಪಾಯದ ಗುಂಪು ಬದಲಾಗುತ್ತಿತ್ತು. 2022ರಲ್ಲಿ ಆ ಲೆಕ್ಕ ಬಿಟ್ಟರು. ಬೇರೆ ಕೆಟ್ಟ ಬದಲಾವಣೆ ಇಲ್ಲದಿದ್ದರೆ ಈಗ ಮಧ್ಯಮ ಗುಂಪು. ನಾನು ಹಳೆಯದನ್ನು ಓದಿ ಸುಮ್ನೆ ಒಂದು ವಾರ ನಿದ್ದೆಗೆಟ್ಟೆ.

ನಮ್ಮ ದಾರಿ ನಿಜವಾಗಿ ತೀರ್ಮಾನವಾಗಿದ್ದು ಎರಡನೇ ಕೀಮೋ ಆದ ಮೇಲಿನ ಎಂಆರ್‌ಡಿ ಟೆಸ್ಟ್‌ನಲ್ಲಿ, ಅಂದರೆ ಉಳಿದ ಅಲ್ಪಸ್ವಲ್ಪ ರೋಗವನ್ನು ಹುಡುಕುವ ಪರೀಕ್ಷೆಯಲ್ಲಿ. ಎನ್‌ಪಿಎಂ1 ಬದಲಾವಣೆ ರೋಗದ ಕಣಗಳಲ್ಲಷ್ಟೇ ಇರುತ್ತದೆ. ಹಾಗಾಗಿ ಮೈಕ್ರೋಸ್ಕೋಪಿಗೆ ಕಾಣದಷ್ಟು ರೋಗ ಉಳಿದಿದ್ದರೂ ಪಿಸಿಆರ್ ಅನ್ನುವ ಜೀನ್ ಪರೀಕ್ಷೆ ಹಿಡಿಯುತ್ತದೆ. ಬೋನ್ ಮ್ಯಾರೋ ಕಸಿ ಬೇಕಾ ಅನ್ನುವ ಮಾತಿಗೆ ಅದು ತುಂಬಾ ತೂಕದ ವಿಷಯ. ಆದರೆ ಎನ್‌ಪಿಎಂ1ರಲ್ಲಿ ಎ, ಬಿ, ಡಿ ಅಂತ ಬಗೆಗಳಿವೆ, ಯಾವುದನ್ನು ಹುಡುಕಬೇಕು ಅಂತ ಲ್ಯಾಬಿಗೆ ಗೊತ್ತಿರಬೇಕು. ನಮ್ಮ ಮೊದಲ ರಿಪೋರ್ಟ್‌ನಲ್ಲಿ ಅದನ್ನು ಬರೆದಿರಲಿಲ್ಲ. ಹಳೆ ಸ್ಯಾಂಪಲ್ ಹುಡುಕಿಸೋದ್ರಲ್ಲಿ ಹತ್ತು ದಿನ ಹೋಯ್ತು. ನೀವು ಈಗಲೇ ಬಗೆ ಬರೆಸಿಕೊಳ್ಳಿ, ನಕಲು ಇಟ್ಟುಕೊಳ್ಳಿ.

ಉತ್ತರ 2
ಮಕ್ಕಳ ಬಗ್ಗೆ ಹೆದರಬೇಡಿ. ಈ ಎರಡು ಬದಲಾವಣೆ ಹುಟ್ಟಿನಿಂದ ಬಂದವಲ್ಲ, ರಕ್ತದ ಕಣದಲ್ಲಿ ಆಮೇಲೆ ಆದವು. ಡಿಡಿಎಕ್ಸ್41, ರನ್‌ಎಕ್ಸ್1 ಅಂಥ ಜೀನ್‌ಗಳ ಬದಲಾವಣೆ ಮಾತ್ರ ಕೆಲವು ಮನೆತನಗಳಲ್ಲಿ ಹರಿದು ಬರುತ್ತವೆ. ಅವು ರಿಪೋರ್ಟ್‌ನಲ್ಲಿದ್ದರೆ, ನೀವು ಮ್ಯಾರೋ ಕೊಡುವ ಮೊದಲು ನಿಮ್ಮನ್ನೂ ಪರೀಕ್ಷಿಸಬೇಕಾ ಅಂತ ಕೇಳಿ.

ನನ್ನ ಮಗನಿಗಿದ್ದದ್ದು ಎಎಲ್‌ಎಲ್, ಇನ್ನೊಂದು ಬಗೆಯ ರಕ್ತದ ಕ್ಯಾನ್ಸರ್. ಅವನಿಗೆ ಮುಖ್ಯವಾಗಿದ್ದು ರೋಗದ ಜೀನ್ ಅಲ್ಲ, ಹುಟ್ಟಿನಿಂದ ಬಂದ ಅವನದೇ ಜೀನ್, ನುಡ್‌ಟಿ15. ಮಾಮೂಲಿ ಪ್ರಮಾಣದ ಮರ್ಕ್ಯಾಪ್ಟೊಪ್ಯೂರಿನ್ ಅನ್ನುವ ಕೀಮೋ ಮಾತ್ರೆ ಕೊಟ್ಟಾಗ ಬಿಳಿ ರಕ್ತಕಣ ಪಾತಾಳಕ್ಕೆ ಇಳಿದವು. ಟೆಸ್ಟ್ ಮಾಡಿ ಪ್ರಮಾಣ ಇಳಿಸಿದ ಮೇಲೆ ಸರಿಹೋಯಿತು. ಏಷ್ಯಾದವರಲ್ಲಿ ಈ ಜೀನ್‌ನ ಬದಲಾವಣೆ ಜಾಸ್ತಿ. ಆ ಮಾತ್ರೆ ಶುರುವಾಗುವ ಮೊದಲೇ ಟೆಸ್ಟ್ ಆಗಿದ್ದರೆ ಮಗು ಅಷ್ಟು ನರಳುತ್ತಿರಲಿಲ್ಲ ಅಂತ ಇವತ್ತಿಗೂ ಸಂಕಟವಾಗುತ್ತದೆ.

ಉತ್ತರ 3
ನನಗೆ ಸಿಎಂಎಲ್, ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್. ಇಮ್ಯಾಟಿನಿಬ್ ಮಾತ್ರೆ ಕೆಲಸ ನಿಲ್ಲಿಸಿತು. ಮತ್ತೆ ಜೀನ್ ಟೆಸ್ಟ್ ಮಾಡಿದಾಗ ಟಿ315ಐ ಅನ್ನುವ ಬದಲಾವಣೆ ಸಿಕ್ಕಿತು, ಮಾತ್ರೆ ಪೊನಾಟಿನಿಬ್‌ಗೆ ಬದಲಾಯಿತು. ಎಎಂಎಲ್‌ನಲ್ಲೂ ಎಫ್‌ಎಲ್‌ಟಿ3 ಮಧ್ಯೆ ಮಾಯವಾಗಬಹುದು, ಹೊಸದಾಗಿಯೂ ಬರಬಹುದು. ದೇವರ ದಯದಿಂದ ಹಾಗಾಗದಿರಲಿ, ಆದರೆ ರೋಗ ಮರಳಿದರೆ ಹಳೆ ರಿಪೋರ್ಟ್ ನಂಬಿ ಕೂರಬೇಡಿ.

ಕೇಳಿದವರು
ಬೆಳಿಗ್ಗೆ ಕೇಳಿದೆ. ಎಂಟನೇ ದಿನದಿಂದ ಮಿಡೋಸ್ಟಾರಿನ್ ಅಂತೆ. ಎನ್‌ಪಿಎಂ1 ಬಗೆ ಎ. ರಿಪೋರ್ಟ್ ಮೇಲೇ ಬರೆಸಿಕೊಂಡು ಬಂದೆ.