ಪರದೆಯ ಕೀಬೋರ್ಡ್ ಒತ್ತಿ ಶ್ರುತಿ ತಿದ್ದಿದವರಿದ್ದೀರಾ?

ಐದೂವರೆ ಮನೆ:
ಮನೆಯಲ್ಲೇ ಒಂದು ದೇವರನಾಮ ರೆಕಾರ್ಡ್ ಮಾಡಿದ್ದೇನೆ. ಮೋಹನ ರಾಗ, ಶ್ರುತಿ ಐದೂವರೆ (ಜಿ ಶಾರ್ಪ್), ಹಿಂದೆ ತಂಬೂರಿ ಮಾತ್ರ. ಎರಡನೇ ಚರಣದಲ್ಲಿ ಎರಡು ಕಡೆ ಪಂಚಮ ಇಳಿದಿದೆ, ಉಳಿದದ್ದು ಪರವಾಗಿಲ್ಲ. ರೀಪರ್‌ನಲ್ಲಿ (ರೆಕಾರ್ಡಿಂಗ್ ತಂತ್ರಾಂಶ) ಶ್ರುತಿ ತಿದ್ದುವ ಪ್ಲಗಿನ್ ಜಿಸ್ನ್ಯಾಪ್ ಹಾಕಿ, ಕಂಪ್ಯೂಟರಿಗೆ ಸ್ವರ ತಿಳಿಸುವ ಮಿಡಿ ಕೀಬೋರ್ಡ್ ಇಲ್ಲವಲ್ಲ ಎಂದು ಪರದೆಯ ಕೀಗಳನ್ನೇ ಮೌಸಿನಲ್ಲಿ ಒತ್ತುತ್ತಾ ಸ್ವರ ತೋರಿಸಲು ಹೋದೆ. ಕೀ ಹುಡುಕುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತದೆ. ಗಮಕವೆಲ್ಲ ಮೆಟ್ಟಿಲು ಹತ್ತಿದ ಹಾಗೆ ಕೇಳುತ್ತದೆ. ಕೀಬೋರ್ಡ್ ಕೊಳ್ಳಲೇಬೇಕಾ?

ಕಪ್ಪು ಮೂರು:
ಬೇಡ ಮೇಡಂ, ದುಡ್ಡು ಉಳಿಸಿ. ನಾನೂ ಒಂದು ವಾರ ಮೌಸ್ ಹಿಡಿದು ಒದ್ದಾಡಿದವನೇ. ಹಾಡಿನ ಜೊತೆ ಓಡುವ ಅಗತ್ಯವೇ ಇಲ್ಲ. ಒತ್ತಿದ್ದನ್ನು ಮಿಡಿಯಾಗಿ ರೆಕಾರ್ಡ್ ಮಾಡಿಕೊಳ್ಳಿ, ತಡವಾಗಿ ಬಿದ್ದ ಸ್ವರವನ್ನು ಆಮೇಲೆ ಎಳೆದು ಜಾಗಕ್ಕೆ ಕೂರಿಸಬಹುದು. ಹೊಸ ಟ್ರ್ಯಾಕ್ ಮಾಡಿ, ಇನ್‌ಪುಟ್‌ನಲ್ಲಿ ವರ್ಚುವಲ್ ಮಿಡಿ ಕೀಬೋರ್ಡ್ ಆರಿಸಿ, ಅಲ್ಲಿಂದ ದನಿಯ ಟ್ರ್ಯಾಕಿಗೆ ಸೆಂಡ್ ಕೊಡಿ. ಜಿಸ್ನ್ಯಾಪ್‌ನಲ್ಲಿ ಮಿಡಿ ಮೋಡ್ ಆನ್ ಇರಲಿ. ಆಲ್ಟ್ ಮತ್ತು ಬಿ ಒತ್ತಿದರೆ ಪರದೆಯ ಕೀಬೋರ್ಡ್ ಬರುತ್ತದೆ. ಮೌಸ್ ಬಿಡಿ, ಕಂಪ್ಯೂಟರಿನ ಅಕ್ಷರದ ಕೀಗಳಿಂದಲೇ ನುಡಿಸಿ.

ಒಂದು ಎಚ್ಚರ. ನುಡಿಸುವ ಮೊದಲು ಆ ಪುಟ್ಟ ಕಿಟಕಿಯ ಮೇಲೆ ಕ್ಲಿಕ್ ಮಾಡಲೇಬೇಕು. ನಾನು ಮರೆತು ಎಸ್ ಒತ್ತುತ್ತಲೇ ಇದ್ದೆ. ರೀಪರ್‌ನಲ್ಲಿ ಎಸ್ ಅಂದರೆ ಕತ್ತರಿ! ಸ್ವರ ಬರಲಿಲ್ಲ, ನಾನು ರೆಕಾರ್ಡ್ ಮಾಡಿದ್ದ ಭಾಗವತರ ದನಿ ಹದಿನಾಲ್ಕು ತುಂಡಾಗಿತ್ತು.

ಇಡೀ ಹಾಡಿಗೆ ಹಾಕಬೇಡಿ. ಆ ಎರಡು ತುಣುಕನ್ನು ಬೇರೆ ಟ್ರ್ಯಾಕಿಗೆ ಇಳಿಸಿ, ಜಿಸ್ನ್ಯಾಪ್ ಮತ್ತು ಆ ಸೆಂಡ್ ಅಲ್ಲಿಗೆ ಮಾತ್ರ ಇರಲಿ. ನಿಮ್ಮ ಷಡ್ಜ ಜಿ ಶಾರ್ಪ್, ಹಾಗಾಗಿ ಪಂಚಮ ಡಿ ಶಾರ್ಪ್. ಒತ್ತಬೇಕಾದ್ದು ಅದೊಂದೇ ಕೀ.

ರಾತ್ರಿ ಮಿಕ್ಸಿಂಗ್:
ಮೆಟ್ಟಿಲಿಗೆ ಕಾರಣ ತಿದ್ದುವ ವೇಗ. ಜಿಸ್ನ್ಯಾಪ್ ಒಳಗೆ ಅಟ್ಯಾಕ್ (ತಿದ್ದಲು ಹಿಡಿಯುವ ಸಮಯ) ಹೆಚ್ಚಿಸಿ, ಅಮೌಂಟ್ (ತಿದ್ದುವ ಪ್ರಮಾಣ) ಇಳಿಸಿ. ಆಟೋಟ್ಯೂನ್‌ನಲ್ಲಾದರೆ ರಿಟ್ಯೂನ್ ಸ್ಪೀಡ್ ಸೊನ್ನೆಯಿಂದ ಮೇಲಕ್ಕೆ ಒಯ್ಯಿರಿ; ಅಲ್ಲಿ ಸೊನ್ನೆಯೇ ಅತಿ ವೇಗ.

ತಂಬೂರಿ ತಂತಿ:
ವೇಗ ಒಂದೇ ಅಲ್ಲ. ನಾನು ಲಾಜಿಕ್ ಎಂಬ ರೆಕಾರ್ಡಿಂಗ್ ತಂತ್ರಾಂಶ ಬಳಸುವವಳು. ಅದರ ಪಿಚ್ ಕರೆಕ್ಷನ್‌ನಲ್ಲೂ ಪರದೆಯ ಮೇಲೊಂದು ಕೀಬೋರ್ಡ್ ಇದೆ, ಆದರೆ ಅದು ನುಡಿಸುವುದಕ್ಕಲ್ಲ, ಸ್ವರ ತೆಗೆಯುವುದಕ್ಕೆ. ಮೋಹನಕ್ಕೆ ಐದೇ ಸ್ವರ ಎಂದು ಹನ್ನೆರಡು ಕೀಗಳಲ್ಲಿ ಉಳಿದ ಏಳನ್ನೂ ಆಫ್ ಮಾಡಿದ್ದೆ. ಗಾಂಧಾರದಿಂದ ಪಂಚಮಕ್ಕೆ ಜಾರುವಾಗ ದನಿ ಮಧ್ಯಮದ ಜಾಗವನ್ನು ಹಾದೇ ಹೋಗಬೇಕಲ್ಲ! ಆ ಸ್ವರ ಇಲ್ಲವೆಂದರೆ ತಂತ್ರಾಂಶ ಅದನ್ನು ಗ ಇಲ್ಲವೇ ಪ ಕಡೆಗೆ ತಳ್ಳುತ್ತದೆ, ಜಾರು ಹೋಗಿ ಜಿಗಿತವಾಗುತ್ತದೆ. ಕೀ ಪಕ್ಕದ ಸಣ್ಣ ಬೈಪಾಸ್ ಗುಂಡಿ ಒತ್ತಿದರೆ ಕಥೆ ಬೇರೆ. ಆ ಜಾಗದಲ್ಲಿ ದನಿ ಹೇಗಿದೆಯೋ ಹಾಗೇ ಬಿಡುತ್ತದೆ. ಈ ವ್ಯತ್ಯಾಸ ತಿಳಿಯಲು ನನಗೆ ಎರಡು ಹಾಡು ಹಾಳಾಗಬೇಕಾಯಿತು.

ಇನ್ನೊಂದು. ಪಂಚಮ ತಿದ್ದಿದರೆ ಅಪಾಯವಿಲ್ಲ: ಷಡ್ಜದಿಂದ ತಂಬೂರಿಯ ಪಂಚಮ 702 ಸೆಂಟ್, ಕೀಬೋರ್ಡಿನದು 700 (ಅಕ್ಕಪಕ್ಕದ ಎರಡು ಕೀಗಳ ಅಂತರ 100 ಸೆಂಟ್). ಗಾಂಧಾರ ಮುಟ್ಟಬೇಡಿ. ಷಡ್ಜದ ತಂತಿಯೊಳಗಿಂದ ತಾನಾಗಿ ಕೇಳುವ ಅಂತರ ಗಾಂಧಾರ ಸುಮಾರು 386 ಸೆಂಟ್, ಕೀಬೋರ್ಡ್ ಎಳೆಯುವುದು 400ಕ್ಕೆ. ತಂಬೂರಿ ಬಿಟ್ಟರೆ ಬೇರೇನೂ ಇಲ್ಲದ ಹಾಡಿನಲ್ಲಿ ಆ 14 ಸೆಂಟ್ ಕಿವಿಗೆ ಚುಚ್ಚುತ್ತದೆ.

ಐದೂವರೆ ಮನೆ:
ಎಲ್ಲರಿಗೂ ಧನ್ಯವಾದ. ಡಿ ಶಾರ್ಪ್ ಒಂದನ್ನೇ ಒತ್ತಿ, ಆಮೇಲೆ ಸ್ವಲ್ಪ ಹಿಂದಕ್ಕೆ ಎಳೆದೆ. ಮೊದಲನೇ ಪಂಚಮ ಚೆನ್ನಾಗಿ ಕೂತಿದೆ, ನಮ್ಮತ್ತೆಗೂ ಗೊತ್ತಾಗಲಿಲ್ಲ. ಎರಡನೆಯದು ಉಸಿರು ಸಾಲದೆ ಇಳಿದದ್ದು, ಎಷ್ಟು ಎತ್ತಿದರೂ ಸೋತ ದನಿಯೇ. ಆ ಸಾಲನ್ನು ಮತ್ತೆ ಹಾಡಿ ಸೇರಿಸಿದೆ, ಪಕ್ಕದ ಮನೆಯ ಮಿಕ್ಸಿ ನಿಂತ ಮೇಲೆ.