ಶನಿವಾರ ಪೆಸ್ಟ್ ಕಂಟ್ರೋಲ್‌ನವರು ಬರುತ್ತಾರೆ, ಮನೆ ಹೇಗೆ ಸಿದ್ಧ ಮಾಡಿಡಬೇಕು?

ಸುಮಾ_ನಾಗರಬಾವಿ

ನಾಗರಬಾವಿಯಲ್ಲಿ 2 ಬಿಎಚ್‌ಕೆ ಬಾಡಿಗೆ ಮನೆ, ಮೂರನೇ ಮಹಡಿ. ಮಾಡ್ಯುಲರ್ ಅಡುಗೆಮನೆಯ ತುಂಬ ಸಣ್ಣ ಕಂದು ಜಿರಳೆ. ರಾತ್ರಿ ಬಚ್ಚಲಲ್ಲಿ ಬೆರಳುದ್ದದ ಕೆಂಪು ಜಿರಳೆ ಬೇರೆ. ಒಂದು ರೂಮಿನ ಮಂಚದಲ್ಲಿ ತಿಗಣೆ ಇದೆ. ಶನಿವಾರ ಬೆಳಿಗ್ಗೆ 10ಕ್ಕೆ ಬರುತ್ತೇವೆ ಅಂದಿದ್ದಾರೆ. ಏನು ತಯಾರಿ ಅಂತ ಕೇಳಿದರೆ "ಪಾತ್ರೆ ಮುಚ್ಚಿಟ್ಟರೆ ಸಾಕು ಮೇಡಂ" ಅಂದರು, ಅಷ್ಟೇ. ಮನೆಯಲ್ಲಿ ಅಂಬೆಗಾಲಿಡುವ ಮಗು ಇದೆ, ಅತ್ತೆಗೆ ಅಸ್ತಮಾ, ಹಾಲ್‌ನಲ್ಲಿ ಮೀನಿನ ತೊಟ್ಟಿ.

ಅಡುಗೆಮನೆ ಪೂರ್ತಿ ಖಾಲಿ ಮಾಡಬೇಕಾ? ಹಾಸಿಗೆಯನ್ನು ಟೆರೇಸಿಗೆ ಹಾಕಿ ಬಿಸಿಲು ಕಾಯಿಸಬಹುದಾ? ಎಷ್ಟು ಹೊತ್ತು ಹೊರಗಿರಬೇಕು, ಬಂದ ಮೇಲೆ ನೆಲ ಒರೆಸಬಹುದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಕೀಟಪಾಠ_ಹೆಬ್ಬಾಳ

ಸುಮಾ ಅವರೇ, ಇಲ್ಲಿ ಮೂರು ಹುಳ ಇವೆ, ಮೂರಕ್ಕೂ ತಯಾರಿ ಬೇರೆ. ಮೊದಲು ಅವರಿಗೆ ಫೋನ್ ಮಾಡಿ ಒಂದೇ ಮಾತು ಕೇಳಿ: ಅಡುಗೆಮನೆಗೆ ಜೆಲ್ ಹಾಕುತ್ತೀರಾ, ಸ್ಪ್ರೇ ಹೊಡೆಯುತ್ತೀರಾ? ಏನು ಖಾಲಿ ಮಾಡಬೇಕು ಅನ್ನೋದು ಆ ಉತ್ತರದ ಮೇಲೆ ನಿಂತಿದೆ.

ಸಣ್ಣ ಕಂದು ಜಿರಳೆ ಅಂದರೆ ಜರ್ಮನ್ ಜಿರಳೆ. ಕುತ್ತಿಗೆಯ ಹಿಂದೆ ಎರಡು ಕಪ್ಪು ಗೆರೆ ಇದ್ದರೆ ಅದೇ. ಅದಕ್ಕೆ ಜೆಲ್ ಸರಿ. ನಮ್ಮಲ್ಲಿ ಸಾಮಾನ್ಯವಾಗಿ ಫಿಪ್ರೋನಿಲ್ 0.05% ಅಥವಾ ಇಮಿಡಾಕ್ಲೋಪ್ರಿಡ್ 2.15% ಇರುವ ಜೆಲ್ ಬಳಸುತ್ತಾರೆ. ಜಿರಳೆ ಅದನ್ನು ತಿಂದು ಗೂಡಿಗೆ ಹೋಗಿ ಸಾಯುತ್ತದೆ. ಅದರ ಹಿಕ್ಕೆ, ಹೆಣ ತಿಂದ ಮರಿಗಳೂ ಸಾಯುತ್ತವೆ. ಅಂದರೆ ಜೆಲ್ಲನ್ನು ಅದು ತಿನ್ನಲೇಬೇಕು. ಒಲೆಯ ಹಿಂದೆ ಎಣ್ಣೆ ಜಿಡ್ಡು, ಡ್ರಾಯರ್ ಮೂಲೆಯಲ್ಲಿ ರಾಗಿ ಹಿಟ್ಟು, ಸಿಂಕ್ ಪಕ್ಕ ಕಸದ ಬುಟ್ಟಿ ಇದ್ದರೆ ಜೆಲ್ ಯಾಕೆ ತಿಂದೀತು? ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ.

ಶುಕ್ರವಾರ ರಾತ್ರಿಯೊಳಗೆ ಜಿಡ್ಡು ತೆಗೆದು ಮುಗಿಸಿ. ಪಾತ್ರೆ ತೊಳೆಯುವ ಸೋಪಿನ ನೀರು ಸಾಕು. ಫಿನಾಯಿಲ್, ಬ್ಲೀಚ್ ಬೇಡ, ಆ ವಾಸನೆ ಉಳಿದ ಜಾಗದ ಜೆಲ್ಲಿಗೆ ಜಿರಳೆ ಬಾಯಿ ಹಾಕುವುದಿಲ್ಲ. ತೊಳೆದ ಮೇಲೆ ಚೆನ್ನಾಗಿ ಒಣಗಬೇಕು, ಒದ್ದೆ ಮೈಮೇಲೆ ಜೆಲ್ ಅಂಟುವುದಿಲ್ಲ. ಜಿರಳೆ ಸ್ಪ್ರೇ ಡಬ್ಬಿ, ಚಾಕ್ ಇವತ್ತಿನಿಂದಲೇ ನಿಲ್ಲಿಸಿ. ಅವು ಒಂದಷ್ಟನ್ನು ಕೊಂದು ಉಳಿದವನ್ನು ಚದುರಿಸುತ್ತವೆ, ಗೂಡು ಇನ್ನೊಂದು ಕಪಾಟಿಗೆ ಹೋಗುತ್ತದೆ.

ಜೆಲ್ ಮಾತ್ರ ಆದರೆ ಅಡುಗೆಮನೆ ಪೂರ್ತಿ ಖಾಲಿ ಮಾಡುವ ಅಗತ್ಯವಿಲ್ಲ. ಸಿಂಕಿನ ಕೆಳಗಿನ ಕಪಾಟು, ಒಲೆಯ ಎಡಬಲದ ಡ್ರಾಯರ್‌ಗಳು, ಮೇಲಿನ ಕಪಾಟಿನ ಹಿಂಜ್ ಇರುವ ಬದಿ, ಇಷ್ಟು ಖಾಲಿಯಾಗಲಿ. ಡ್ರಾಯರ್‌ಗಳನ್ನು ಚಾನಲ್‌ನಿಂದ ಪೂರ್ತಿ ಕಳಚಿ ಹೊರಗಿಡಿ, ಗೂಡು ಹೆಚ್ಚಾಗಿ ಅದರ ಹಿಂದಿನ ಪ್ಲೈವುಡ್ ಸಂದಿಯಲ್ಲಿರುತ್ತದೆ. ಕಪಾಟಿಗೆ ಹಾಸಿದ ಪೇಪರ್, ಹಳೆಯ ರಟ್ಟಿನ ಡಬ್ಬ, ಕಟ್ಟಿಟ್ಟ ಪ್ಲಾಸ್ಟಿಕ್ ಕವರುಗಳ ಗಂಟು, ಇವನ್ನೆಲ್ಲ ಎಸೆದುಬಿಡಿ. ಸ್ಪ್ರೇ ಅಂದರೆ ಮಾತ್ರ ಬೇಳೆಕಾಳು, ತಟ್ಟೆಲೋಟ, ಕುಕ್ಕರ್ ಎಲ್ಲವೂ ಆಚೆ ಬರಬೇಕು. ಹಾಲ್‌ನ ಮೇಜಿನ ಮೇಲೆ ಜೋಡಿಸಿ ಹಳೆಯ ಪಂಚೆಯ ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿ.

ಫ್ರಿಡ್ಜನ್ನು ಗೋಡೆಯಿಂದ ಒಂದು ಅಡಿ ಮುಂದೆ ಎಳೆದು ಹಿಂದಿನ ನೀರಿನ ಟ್ರೇ ತೊಳೆಯಿರಿ. ಕಂಪ್ರೆಸರ್ ಬಿಸಿ, ಪಕ್ಕದಲ್ಲೇ ನೀರು, ಜಿರಳೆಗೆ ಇನ್ನೇನು ಬೇಕು. ಮಿಕ್ಸಿಯ ತಳ, ನೀರಿನ ಫಿಲ್ಟರ್‌ನ ಹಿಂಬದಿ, ವೈಫೈ ಡಬ್ಬ ಇವನ್ನು ತೋರಿಸಿ ಅಲ್ಲಿ ಜೆಲ್ ಹಾಕಿಸಿ. ಸ್ವಿಚ್‌ಬೋರ್ಡಿನೊಳಗೆ ದ್ರವ ಸ್ಪ್ರೇ ಹೊಡೆಯಲು ಬಿಡಬೇಡಿ. ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿ.

ಮೊದಲ ಸಲಕ್ಕೆ ಎಲ್ಲ ಮುಗಿಯುವುದಿಲ್ಲ. ಹೆಣ್ಣು ಜಿರಳೆ ಹೊತ್ತು ತಿರುಗುವ ಒಂದೊಂದು ಮೊಟ್ಟೆಚೀಲದಲ್ಲಿ 30ರಿಂದ 40 ಮೊಟ್ಟೆ ಇರುತ್ತವೆ, ಅದರೊಳಕ್ಕೆ ಯಾವ ಔಷಧವೂ ಸರಿಯಾಗಿ ಇಳಿಯುವುದಿಲ್ಲ. ಅದಕ್ಕೇ 15ರಿಂದ 20 ದಿನಕ್ಕೆ ಎರಡನೇ ಸಲ ಬರಲೇಬೇಕು. ಆ ತಾರೀಕನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಪೈಪ್‌ಲೈನ್_ಮತ್ತಿಕೆರೆ

ಬಚ್ಚಲಿನ ದೊಡ್ಡ ಜಿರಳೆಯ ಬಗ್ಗೆ ನಾನು ಹೇಳುತ್ತೇನೆ. ಅದು ನಿಮ್ಮ ಮನೆಯದಲ್ಲ, ಕೆಳಗಿನ ಚೇಂಬರ್‌ನದು, ಅಂದರೆ ಒಳಚರಂಡಿ ಗುಂಡಿಯದು. ಡಕ್ಟ್‌ನ ಪೈಪು ಹಿಡಿದು ಮೇಲೆ ಬರುತ್ತದೆ. ಮನೆಯೊಳಗೆ ಎಷ್ಟು ಔಷಧ ಹಾಕಿದರೂ ದಾರಿ ತೆರೆದಿದ್ದರೆ ಹೊಸದು ಬರುತ್ತಲೇ ಇರುತ್ತದೆ.

ಮೂರು ಜಾಗ ನೋಡಿ. ಸಿಂಕಿನ ವೇಸ್ಟ್ ಪೈಪ್ ಗೋಡೆಯೊಳಕ್ಕೆ ಹೋಗುವ ಕಡೆ ಸುತ್ತ ಬೆರಳು ತೂರುವಷ್ಟು ಸಂದಿ ಇರುತ್ತದೆ. ವಾಷಿಂಗ್ ಮೆಷಿನ್ನಿನ ಪೈಪನ್ನು ಯುಟಿಲಿಟಿಯ ಜಾಲಿ ತೆಗೆದು ಸುಮ್ಮನೆ ಇಳಿಬಿಟ್ಟಿರುತ್ತಾರೆ, ಅದು ಎರಡನೆಯದು. ಮೂರನೆಯದು ಬಳಸದ ಬಚ್ಚಲಿನ ಫ್ಲೋರ್ ಟ್ರಾಪ್, ಅಂದರೆ ನೆಲದ ಜಾಲಿಯ ಕೆಳಗೆ ನೀರು ನಿಲ್ಲುವ ಭಾಗ. ಟ್ರಾಪಿನೊಳಗೆ ಸುಮಾರು 50 ಮಿ.ಮೀ. ನೀರು ನಿಂತಿರಬೇಕು, ಚೇಂಬರಿನ ನಾತವನ್ನೂ ಹುಳವನ್ನೂ ತಡೆಯುವುದು ಆ ನೀರೇ. ಬೇಸಿಗೆಯಲ್ಲಿ ಬಳಸದಿದ್ದರೆ ಒಣಗಿಹೋಗುತ್ತದೆ. ವಾರಕ್ಕೊಮ್ಮೆ ಎರಡು ಮಗ್ ನೀರು ಸುರಿದರೆ ಆಯಿತು.

ಸಂದಿಗಳನ್ನು ಶನಿವಾರಕ್ಕೆ ಮೊದಲು ಮುಚ್ಚಬೇಡಿ. ಅವರು ಒಳಗೆ ಔಷಧ ಹಾಕಲಿ, ಒಂದೆರಡು ದಿನ ಬಿಟ್ಟು ಪೈಪಿನ ಸುತ್ತ ಬಿಳಿ ಸಿಮೆಂಟ್ ಅಥವಾ ಎಂ-ಸೀಲ್ ತುಂಬಿ. ಮೆಷಿನ್ ಪೈಪಿಗೆ ಜಾಲಿಯಲ್ಲಿ ತೂತಿರುವ ರಬ್ಬರ್ ಕಾಲರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ.

ಚೇಂಬರ್‌ಗೆ ಔಷಧ ಹೊಡೆಸುವುದು ಇಡೀ ಕಟ್ಟಡದ ಕೆಲಸ, ಓನರ್ ಹತ್ತಿರ ಮಾತಾಡಿ. ನಮ್ಮೂರಿನ ಬಹಳಷ್ಟು ಕಟ್ಟಡಗಳಲ್ಲಿ ಚೇಂಬರ್ ಪಕ್ಕದಲ್ಲೇ ಸಂಪ್ ಇರುತ್ತದೆ. ಸಂಪಿನ ಮುಚ್ಚಳ ಹಾಕಿ, ಅಂಚಿಗೆ ಪ್ಲಾಸ್ಟಿಕ್ ಹಾಳೆ ಒತ್ತಿ ಆಮೇಲೆ ಚೇಂಬರ್ ತೆಗೆಸಿ. ಕುಡಿಯುವ ಕಾವೇರಿ ನೀರು ಅದರಲ್ಲೇ ಇರೋದು, ಇದರಲ್ಲಿ ಉದಾಸೀನ ಬೇಡವೇ ಬೇಡ.

ರಾತ್ರಿಕಾವಲು

ಸುಮಾ ಅವರೇ, ಹಾಸಿಗೆಯನ್ನು ದಯವಿಟ್ಟು ಟೆರೇಸಿಗೆ ಒಯ್ಯಬೇಡಿ. ತಿಗಣೆ ಇರುವ ರೂಮಿನಿಂದ ಏನೂ ಹಾಗೇ ಬಿಚ್ಚಿಕೊಂಡು ಆಚೆ ಹೋಗಬಾರದು. ಹೊತ್ತೊಯ್ಯುವಾಗ ಉದುರಿದ ನಾಲ್ಕು ತಿಗಣೆ ಸಾಕು, ಹಾಲ್‌ನ ಸೋಫಾಗೂ ಮೆಟ್ಟಿಲ ಪಕ್ಕದ ಮನೆಗೂ ಹತ್ತುತ್ತವೆ. ತಿಗಣೆಯೂ ಮೊಟ್ಟೆಯೂ ಸಾಯಲು 50 ಡಿಗ್ರಿಯಷ್ಟು ಬಿಸಿ ಹಾಸಿಗೆಯ ಒಳಗಿನವರೆಗೂ ತಟ್ಟಬೇಕು. ಬೆಂಗಳೂರಿನ ಬಿಸಿಲಿಗೆ ಮೇಲಿನ ಬಟ್ಟೆ ಬಿಸಿಯಾಗುತ್ತದೆ, ಹತ್ತಿಯ ಒಳಗೆ ಅವು ತಣ್ಣಗೆ ಕೂತಿರುತ್ತವೆ.

ಬೆಡ್‌ಶೀಟ್, ದಿಂಬಿನ ಕವರ್, ಹೊದಿಕೆ, ಪರದೆ ಎಲ್ಲವನ್ನೂ ರೂಮಿನೊಳಗೇ ದಪ್ಪ ಕವರಿಗೆ ತುಂಬಿ ಬಾಯಿ ಕಟ್ಟಿ, ನೇರ ಮೆಷಿನ್ನಿಗೆ ಹಾಕಿ 60 ಡಿಗ್ರಿಯಲ್ಲಿ ಒಗೆಯಿರಿ. ಆ ಕವರನ್ನು ಮತ್ತೆ ಬಳಸಬೇಡಿ. ಬಿಸಿನೀರು ತಡೆಯದ ಬಟ್ಟೆಯ ಹೊಲಿಗೆಗಳ ಮೇಲೆ ಬಿಸಿ ಇಸ್ತ್ರಿಯನ್ನು ನಿಧಾನವಾಗಿ ಆಡಿಸಿ. ಒಗೆದದ್ದನ್ನು ಹೊಸ ಕವರಿನಲ್ಲಿ ಕಟ್ಟಿ ಬೇರೆ ಕಡೆ ಇಡಿ. ಎರಡನೇ ಟ್ರೀಟ್‌ಮೆಂಟ್ ಆಗುವವರೆಗೆ ದಿನಕ್ಕೆ ಬೇಕಾದಷ್ಟನ್ನೇ ತೆಗೆಯಿರಿ.

ಮಂಚವನ್ನು ಗೋಡೆಯಿಂದ ಎರಡು ಅಡಿ ಎಳೆದು ಸ್ಟೋರೇಜ್ ಖಾಲಿ ಮಾಡಿ, ಮೇಲಿನ ಪ್ಲೈ ಹಲಗೆಗಳನ್ನು ಎತ್ತಿ ನಿಲ್ಲಿಸಿ. ಸ್ಕ್ರೂಡ್ರೈವರ್ ಕೈಗೆ ಸಿಗುವ ಹಾಗಿರಲಿ. ತಲೆ ಕಡೆಯ ಹಲಗೆಯ ಹಿಂದೆ, ಸ್ಕ್ರೂ ತೂತಿನಲ್ಲಿ, ಕಾಲು ಸೇರುವ ಕೀಲಿನಲ್ಲಿ ಕರಿ ಚುಕ್ಕೆಗಳಿದ್ದರೆ ಅಲ್ಲಿ ಬಳಪದಲ್ಲಿ ಗುರುತು ಹಾಕಿಡಿ. ಕೆಲಸಕ್ಕೆ ಬಂದವರು ಅವಸರದಲ್ಲಿರುತ್ತಾರೆ, ಗುರುತಿದ್ದರೆ ಜಾಗ ತಪ್ಪುವುದಿಲ್ಲ. ಕ್ಯಾಲೆಂಡರ್, ಫೋಟೋಗಳ ಹಿಂಬದಿ, ಕಿಟಕಿಯ ಮರದ ಚೌಕಟ್ಟನ್ನೂ ತೋರಿಸಿ.

ಇನ್ನೊಂದು, ಆ ರೂಮ್ ಬಿಟ್ಟು ಹಾಲ್‌ನಲ್ಲಿ ಮಲಗಬೇಡಿ. ತಿಗಣೆ ಉಸಿರನ್ನೂ ಮೈ ಬಿಸಿಯನ್ನೂ ಹುಡುಕಿಕೊಂಡು ಹಿಂದೆಯೇ ಬರುತ್ತದೆ. ಔಷಧ ಪೂರ್ತಿ ಒಣಗಿದ ಮೇಲೆ ದೊಡ್ಡವರು ಅದೇ ಮಂಚದಲ್ಲಿ ಮಲಗಿ. ಮಗುವನ್ನು ಆ ರೂಮಿನಿಂದ ಸ್ವಲ್ಪ ದಿನ ದೂರ ಇಡಿ. ಮೊಟ್ಟೆ ಒಡೆಯಲು 6ರಿಂದ 10 ದಿನ ಬೇಕು, ಹಾಗಾಗಿ ತಿಗಣೆಯ ಎರಡನೇ ಸರದಿ 10-14 ದಿನಕ್ಕೆ ಬರಬೇಕು. ಜಿರಳೆಯ ತಾರೀಕು ಬೇರೆ, ಎರಡನ್ನೂ ಒಂದೇ ದಿನಕ್ಕೆ ತಳ್ಳಲು ಒಪ್ಪಬೇಡಿ.

ಸುಮಾ_ನಾಗರಬಾವಿ

ಎಲ್ಲರಿಗೂ ತುಂಬಾ ಧನ್ಯವಾದ. ಫೋನ್ ಮಾಡಿ ಕೇಳಿದೆ. ಅಡುಗೆಮನೆಗೆ ಜೆಲ್, ಬಚ್ಚಲು, ರೂಮಿಗೆ ಸ್ಪ್ರೇ ಅಂತೆ. "ವಾಸನೆಯೇ ಇಲ್ಲದ ಔಷಧ, ಒಂದು ಗಂಟೆಗೆ ಮಗು ಕರ್ಕೊಂಡು ಬನ್ನಿ" ಅಂದರು. ನಂಬಬಹುದಾ? ದೇವರ ಮನೆ, ತುಳಸಿ ಕುಂಡಕ್ಕೆ ಏನು ಮಾಡಲಿ? ಇನ್ನೊಂದು, ಹೊಸಿಲಿನ ಮೂಲೆಯಲ್ಲಿ ಮಣ್ಣಿನ ಗೆರೆ ಕಾಣಿಸುತ್ತಿದೆ. ಅದಕ್ಕೂ ಇದೇ ಔಷಧ ಆಗುತ್ತಾ?

ಕೀಟಪಾಠ_ಹೆಬ್ಬಾಳ

ಒಂದು ಗಂಟೆ ಸಾಲದು. ವಾಸನೆಗೂ ವಿಷಕ್ಕೂ ಸಂಬಂಧವಿಲ್ಲ. ಡೆಲ್ಟಾಮೆಥ್ರಿನ್ ತರಹದ ಔಷಧಗಳಿಗೆ ವಾಸನೆ ಬಹಳ ಕಡಿಮೆ, ಮೀನಿಗೆ ಮಾತ್ರ ತೀರಾ ಸ್ವಲ್ಪವೇ ಸಾಕು. ದೊಡ್ಡವರು ಕನಿಷ್ಠ 4 ಗಂಟೆ ಆಚೆ ಇರಬೇಕು. ಅತ್ತೆಯವರೂ ಮಗುವೂ ಆ ರಾತ್ರಿ ನೆಂಟರ ಮನೆಯಲ್ಲೇ ಉಳಿದು ಭಾನುವಾರ ಬರಲಿ. ಅವರು ಬರುವ ಮೊದಲು ನೀವು ಬಂದು ಕಿಟಕಿ ತೆಗೆದು ಫ್ಯಾನ್ ಹಾಕಿ ಒಂದು ಗಂಟೆ ಗಾಳಿಯಾಡಲು ಬಿಡಿ.

ಮೀನಿನ ತೊಟ್ಟಿಯನ್ನು ಸಾಧ್ಯವಾದರೆ ಪಕ್ಕದ ಮನೆಗೆ ಸಾಗಿಸಿ. ಆಗದಿದ್ದರೆ ಗಾಳಿ ಪಂಪ್ ಆಫ್ ಮಾಡಿ, ಅದು ರೂಮಿನ ಗಾಳಿಯನ್ನೇ ಎಳೆದು ನೀರಿಗೆ ಬಿಡುವುದು. ತೊಟ್ಟಿಯ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಒದ್ದೆ ಟವೆಲ್. ಗಾಳಿಯಾಡಿದ ಕೂಡಲೇ ಪಂಪ್ ಹಾಕಿ.

ದೇವರ ಮನೆಗೆ ಸ್ಪ್ರೇ ಬೇಡ ಅಂತ ಮೊದಲೇ ಹೇಳಿ. ಜಿರಳೆ ಇದ್ದರೆ ಬಾಗಿಲ ಹಿಂಜಿಗೆ ಒಂದೆರಡು ಚುಕ್ಕೆ ಜೆಲ್ ಸಾಕು. ತೀರ್ಥದ ಬಟ್ಟಲು, ನೈವೇದ್ಯದ ತಟ್ಟೆ ಆಚೆ ಇಡಿ. ಎಲೆ ಬಾಯಿಗೆ ಹೋಗುವುದರಿಂದ ತುಳಸಿ ಕುಂಡವನ್ನು ಟೆರೇಸಿಗೆ ಒಯ್ದುಬಿಡಿ. ಮಗುವಿನ ಆಟಿಕೆ, ಚಾಪೆ, ಹಾಲಿನ ಬಾಟಲಿ ಕವರಿನಲ್ಲಿ ಕಟ್ಟಿಡಿ.

ಸ್ಪ್ರೇಯನ್ನು ಸಂದಿಗೆ, ಗೋಡೆ-ನೆಲ ಸೇರುವ ಗೆರೆಗೆ ಮಾತ್ರ ಹೊಡೆಯಲಿ, ನೆಲದ ತುಂಬ ಬೇಡ. ಆಗ ಮಗು ಓಡಾಡುವ ನಡುಭಾಗವನ್ನು ಮರುದಿನ ಸೋಪಿನ ನೀರಲ್ಲಿ ಧೈರ್ಯವಾಗಿ ಒರೆಸಬಹುದು. ಗೋಡೆಯಂಚಿನ ಒಂದು ಅಡಿಯನ್ನು ಎರಡನೇ ಸರದಿವರೆಗೆ ಒರೆಸಬೇಡಿ, ಮಗು ಅತ್ತ ಹೋಗದ ಹಾಗೆ ಸೋಫಾ, ಕುರ್ಚಿ ಅಡ್ಡ ಇಡಿ. ಜೆಲ್ ಹಾಕಿದ ಜಾಗದ ಮೇಲೆ ಸ್ಪ್ರೇ ಬೀಳಲೇಬಾರದು, ಎರಡೂ ದಂಡ. ಮಗುವಿನ ಕೈಗೆಟುಕುವ ಎತ್ತರದಲ್ಲಿ ಜೆಲ್ ಹಾಕಿಸಲೂ ಬೇಡಿ.

ಸೀಲ್ ಒಡೆಯದ ಬಾಟಲಿಯನ್ನು ನಿಮ್ಮೆದುರೇ ತೆಗೆಯಲು ಹೇಳಿ, ಲೇಬಲ್ಲಿನ ಫೋಟೋ ಹೊಡೆದುಕೊಳ್ಳಿ. ಲೇಬಲ್ಲಿನಲ್ಲಿ ಬಣ್ಣದ ಚೌಕವಿರುತ್ತದೆ. ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಮನೆಯೊಳಗೆ ಕೆಂಪು, ಹಳದಿ ಬೇಡ. ಡೈಕ್ಲೋರ್‌ವಾಸ್ ಅಂದರೆ ವಾಪಸ್ ಕಳಿಸಿ, ಅದರ ಬಳಕೆ 2020ರ ಡಿಸೆಂಬರ್ 31ರಿಂದ ದೇಶದಲ್ಲೇ ನಿಷೇಧ. 1968ರ ಕೀಟನಾಶಕ ಕಾಯ್ದೆಯಡಿ ಪರವಾನಗಿ ಇದೆಯೇ ಅಂತ ಕೇಳಲು ಸಂಕೋಚ ಬೇಡ. ಯಾರಿಗಾದರೂ ಉಸಿರು ಕಟ್ಟಿದರೆ, ವಾಂತಿಯಾದರೆ ಮೊದಲು ಆಚೆ ಗಾಳಿಗೆ ಕರೆತಂದು 108ಕ್ಕೆ ಫೋನ್ ಮಾಡಿ. ಡಾಕ್ಟರಿಗೆ ತೋರಿಸಬೇಕಾದ್ದು ಆ ಲೇಬಲ್ಲಿನ ಫೋಟೋ.

ಹೊಸಿಲಿನ ಮಣ್ಣಿನ ಗೆರೆ ಗೆದ್ದಲು. ಅದನ್ನು ಕೆರೆದು ಹಾಕದೆ ಹಾಗೇ ತೋರಿಸಿ, ಯಾವ ಕಡೆಯಿಂದ ಬಂದಿದೆ ಅನ್ನೋದು ಅದರಲ್ಲೇ ತಿಳಿಯುತ್ತದೆ. ಜಿರಳೆಯ ಔಷಧಕ್ಕೆ ಅದು ಹೋಗುವುದಿಲ್ಲ. ನೆಲ-ಗೋಡೆ ಸೇರುವಲ್ಲಿ ಸುಮಾರು ಒಂದೊಂದು ಅಡಿಗೆ 12 ಮಿ.ಮೀ. ತೂತು ಕೊರೆದು ಔಷಧ ತುಂಬಬೇಕಾದೀತು. ಅದಕ್ಕೆ ಓನರ್ ಒಪ್ಪಿಗೆಯೂ ಒಳಗಿನ ಪೈಪು, ವೈರು ಎಲ್ಲಿವೆ ಅನ್ನೋ ತಿಳಿವಳಿಕೆಯೂ ಬೇಕು. ಶನಿವಾರಕ್ಕೆ ಅದನ್ನು ಸೇರಿಸಬೇಡಿ.

ರಾತ್ರಿಕಾವಲು

ಇವತ್ತೇ ಅಂಗಡಿಯಿಂದ ನಾಲ್ಕು ಅಂಟು ಬಲೆ ತನ್ನಿ. ಸಿಂಕ್ ಕೆಳಗೆ, ಫ್ರಿಡ್ಜ್ ಹಿಂದೆ, ಒಲೆ ಪಕ್ಕದ ಡ್ರಾಯರಿನಲ್ಲಿ, ಯುಟಿಲಿಟಿಯಲ್ಲಿ ಒಂದೊಂದು ಇಟ್ಟು ಶನಿವಾರ ಬೆಳಿಗ್ಗೆ ಎಣಿಸಿ. ಯಾವ ಬಲೆಯಲ್ಲಿ ಹೆಚ್ಚೋ ಅಲ್ಲಿ ಜೆಲ್ ಚುಕ್ಕೆ ಹೆಚ್ಚಿಗೆ ಹಾಕಿಸಿ. ಮೊದಲ ಮೂರು ನಾಲ್ಕು ದಿನ ಹಗಲಲ್ಲೇ ಜಿರಳೆ ತೂರಾಡುತ್ತಾ ಹೊರಬರುತ್ತವೆ. ಗಾಬರಿಯಾಗಿ ಸ್ಪ್ರೇ ಡಬ್ಬಿ ಎತ್ತಬೇಡಿ, ಜೆಲ್ ಕೆಲಸ ಮಾಡುತ್ತಿದೆ ಅಂತ ಲೆಕ್ಕ. ಸತ್ತವನ್ನು ಗುಡಿಸಿ ಹಾಕಿ. ಏಳನೇ ದಿನ ಅದೇ ನಾಲ್ಕು ಜಾಗದಲ್ಲಿ ಹೊಸ ಬಲೆ ಇಟ್ಟು ಮತ್ತೆ ಎಣಿಸಿ. ಮರಿಗಳು ಇನ್ನೂ ಬೀಳುತ್ತಿದ್ದರೆ ಆ ಬಲೆಗಳನ್ನು ಎಸೆಯದೆ ಇಟ್ಟು ಎರಡನೇ ಸರದಿಗೆ ಬಂದವರಿಗೆ ತೋರಿಸಿ.